ಕೆಟ್ಟಿದ್ದು ಮೋಟಾರೋ, ಶಟರೋ? ಬದಲಿಸುವ ಮುನ್ನ ಪರೀಕ್ಷಿಸಿ

ಸರಸಂಬಾ (ಆಳಂದ ತಾಲ್ಲೂಕು): ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನ ಬೆಳಿಗ್ಗೆ. ತೊಗರಿ ಬೀಜಕ್ಕೂ ಗೊಬ್ಬರಕ್ಕೂ ರೈತರು ಅಂಗಡಿಯ ಮುಂದೆ ಸಾಲುಗಟ್ಟಿದ್ದಾರೆ. ಮಾಲೀಕ ರಿಮೋಟ್ ಒತ್ತುತ್ತಾನೆ. ಶಟರಿನ ಮೇಲಿನ ಪೆಟ್ಟಿಗೆಯೊಳಗಿಂದ ಗುಂಯ್ ಎಂಬ ಸದ್ದು ಹೊರಡುತ್ತದೆಯೇ ವಿನಾ ಶಟರ್ ಮೇಲೇಳುವುದಿಲ್ಲ. ಕೈಯಿಂದ ಎತ್ತಲು ಹೋದರೆ ಅಲುಗುವುದೂ ಇಲ್ಲ. ಮೋಟಾರ್ ಕೂರಿಸುವ ಮೊದಲು ಇದೇ ಶಟರನ್ನು ಇಬ್ಬರು ಸೇರಿ ನಿರಾಯಾಸವಾಗಿ ಎತ್ತುತ್ತಿದ್ದರು.

ಮಹಾರಾಷ್ಟ್ರದ ಗಡಿಗೆ ತಾಗಿಕೊಂಡ ಆಳಂದ ತಾಲ್ಲೂಕಿನಲ್ಲಿ ಇದು ಕೇವಲ ಒಂದು ಬೆಳಗಿನ ಕಿರಿಕಿರಿಯಾಗಿ ಮುಗಿಯುವುದಿಲ್ಲ. ಮೋಟಾರ್ ಶಟರಿನ ಕೆಲಸ ಬಲ್ಲ ಮಿಸ್ತ್ರಿ ತಾಲ್ಲೂಕು ಕೇಂದ್ರದಲ್ಲಿ ಸಿಗದಿದ್ದರೆ, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಯಿಂದಲೋ ಗಡಿಯಾಚೆಯ ಸೊಲ್ಲಾಪುರದಿಂದಲೋ ಬರಬೇಕು. ಅಷ್ಟು ದೂರದಿಂದ ಬಂದವನು 'ಮೋಟಾರ್ ಸುಟ್ಟಿದೆ, ಹೊಸದು ಹಾಕಬೇಕು' ಎಂದರೆ ಮರುಮಾತಾಡುವ ಧೈರ್ಯ ಯಾರಿಗಿದ್ದೀತು? ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ರಿಮೋಟ್ ಶಟರ್ ಹಾಕಿಸಿಕೊಂಡವರ ಪರಿಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಆದರೆ ಶಟರ್ ನಿಂತಾಗಲೆಲ್ಲ ತಪ್ಪು ಮೋಟಾರಿನದೇ ಆಗಿರುವುದಿಲ್ಲ. ಅದನ್ನು ಪರೀಕ್ಷಿಸುವ ವಿಧಾನ ಕಷ್ಟದ್ದೂ ಅಲ್ಲ.

ಭಾರ ಹೊರುವುದು ಯಾರು?

ಅಮೆರಿಕದ ಮನೆಗಳ ಗ್ಯಾರೇಜ್ ಬಾಗಿಲು ತೆರೆಯುವ ವಿದ್ಯುತ್ ಯಂತ್ರವನ್ನು ಸಿ.ಜಿ. ಜಾನ್ಸನ್ ಎಂಬಾತ 1926ರಲ್ಲಿ ರೂಪಿಸಿದ. ಅಲ್ಲಿನ ಬಾಗಿಲು ದೊಡ್ಡ ಹಲಗೆಗಳಾಗಿ ಮಡಚಿಕೊಂಡು ಛಾವಣಿಯಡಿ ಸರಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಾಡಿದ, ಮೇಲಿನ ಪೈಪಿಗೆ ಸುತ್ತಿಕೊಳ್ಳುವ ರೋಲಿಂಗ್ ಶಟರ್. ಬಾಗಿಲ ರೂಪ ಬೇರೆಯಾದರೂ ಭಾರ ಹೊರುವುದು ಯಾರು ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಹತ್ತಡಿ ಅಗಲ, ಹತ್ತಡಿ ಎತ್ತರದ ಸಾಧಾರಣ ಅಂಗಡಿ ಶಟರನ್ನೇ ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 9.3 ಚದರ ಮೀಟರ್. 1.2 ಮಿ.ಮೀ. ದಪ್ಪದ ಉಕ್ಕಿನ ತಗಡೆಂದು ಲೆಕ್ಕ ಹಾಕಿದರೆ ಬರೀ ತಗಡೇ 87 ಕಿಲೋ ತೂಗುತ್ತದೆ. ಪಟ್ಟಿಗಳ ಮಡಿಕೆ, ಕೊಂಡಿ ಹಾಗೂ ಕೆಳಗಿನ ದಪ್ಪ ಪಟ್ಟಿಯನ್ನು ಸೇರಿಸಿದರೆ ತೂಕ ನೂರು ಕಿಲೋ ದಾಟುತ್ತದೆ. ಇಷ್ಟು ಭಾರವನ್ನು ಇಬ್ಬರು ಸುಲಭವಾಗಿ ಎತ್ತುವುದು ಪೈಪಿನೊಳಗೆ ಸುರುಳಿಯಾಗಿ ಕುಳಿತ ಸ್ಪ್ರಿಂಗುಗಳ ದೆಸೆಯಿಂದ. ಶಟರ್ ಇಳಿಯುವಾಗ ಅವು ಬಿಗಿಯಾಗುತ್ತವೆ, ಏರುವಾಗ ಬಿಚ್ಚಿಕೊಂಡು ಎತ್ತುವವನ ಕೈಗೆ ಬಲ ಕೊಡುತ್ತವೆ. ಭಾರತೀಯ ಮಾನಕದ ಐಎಸ್ 6248 ಕೈಯಿಂದ ಎತ್ತುವ ಶಟರಿಗೆ ಮಿತಿಯನ್ನೂ ಹೇಳುತ್ತದೆ. ಬಾಲ್ ಬೇರಿಂಗ್ ಇಲ್ಲದಿದ್ದರೆ 8 ಚದರ ಮೀಟರ್, ಇದ್ದರೆ 12 ಚದರ ಮೀಟರ್. ಅದಕ್ಕೂ ದೊಡ್ಡದಾದರೆ ಗೇರ್ ಅಥವಾ ವಿದ್ಯುತ್ ವ್ಯವಸ್ಥೆ ಬೇಕು. ನಮ್ಮ ಲೆಕ್ಕದ ಹತ್ತಡಿ ಶಟರಿಗೆ ಬಾಲ್ ಬೇರಿಂಗ್ ಇರಲೇಬೇಕೆಂದಾಯಿತು.

ಮೋಟಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪೈಪಿನ ನಡುವೆಯೇ ಕೂರುವ ಸೆಂಟ್ರಲ್ ಮೋಟಾರ್ ಸ್ಪ್ರಿಂಗನ್ನು ನಂಬಿಕೊಂಡಿರುತ್ತದೆ. ಸ್ಪ್ರಿಂಗ್ ಹೊತ್ತು ಉಳಿದ ಅಷ್ಟಿಷ್ಟು ಭಾರವನ್ನು ಮಾತ್ರ ಅದು ಎತ್ತುತ್ತದೆ. ಪಕ್ಕದ ಗೋಡೆಯ ಬ್ರಾಕೆಟ್ಟಿಗೆ ಕೂರಿಸಿ ಸರಪಳಿಯಿಂದ ಪೈಪನ್ನು ತಿರುಗಿಸುವ ಸೈಡ್ ಮೋಟಾರಿನ ವಿಷಯ ಬೇರೆ. ಇದನ್ನು ಹೆಚ್ಚಾಗಿ ಸ್ಪ್ರಿಂಗ್ ಇಲ್ಲದ ದೊಡ್ಡ ಶಟರುಗಳಿಗೆ ಬಳಸುವುದರಿಂದ ಪೂರ್ತಿ ಭಾರ ಮೋಟಾರಿನ ಮೇಲೆಯೇ ಬೀಳುತ್ತದೆ. 300 ಕಿಲೋ, 500 ಕಿಲೋ ಎಂದು ಇವುಗಳನ್ನು ತೂಕದ ಲೆಕ್ಕದಲ್ಲಿ ಮಾರುವುದು ಇದೇ ಕಾರಣಕ್ಕೆ. ತಮ್ಮಲ್ಲಿರುವುದು ಯಾವ ಬಗೆಯದು ಎಂಬುದನ್ನು ಮಾಲೀಕರು ಮೊದಲು ತಿಳಿದಿರಬೇಕು.

ಮೊದಲ ಪರೀಕ್ಷೆ

ಎಂಸಿಬಿ ಇಳಿಸಿ, ವಿದ್ಯುತ್ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡ ನಂತರವೇ ಶಟರಿನ ಬಳಿ ಹೋಗಬೇಕು. ಸೆಂಟ್ರಲ್ ಮೋಟಾರಾದರೆ ಬಿಡುಗಡೆಯ ಕೇಬಲ್ ಎಳೆದು ಶಟರನ್ನು ಕೈಯಿಂದ ಎತ್ತಿ ನೋಡಬೇಕು. ಸೈಡ್ ಮೋಟಾರಾದರೆ ಅದರಿಂದ ಇಳಿಬಿದ್ದ ಕೈಸರಪಳಿಯನ್ನು ಎಳೆಯಬೇಕು. ಶಟರ್ ಹಗುರವಾಗಿ, ಒಂದೇ ಸಮನೆ ಏರಿದರೆ ಅದರ ಯಾಂತ್ರಿಕ ಭಾಗ ಸರಿಯಿದೆ, ದೋಷ ವಿದ್ಯುತ್ ಭಾಗದಲ್ಲಿದೆ ಎಂದು ತಿಳಿಯಬಹುದು. ಮಧ್ಯೆ ತಡೆದರೆ, ಒಂದು ಬದಿಗೆ ವಾಲಿದರೆ ಅಥವಾ ಏಳಲೇ ಒಲ್ಲದಿದ್ದರೆ ಗೈಡ್ ಚಾನೆಲ್, ಬೇರಿಂಗ್ ಇಲ್ಲವೇ ಸ್ಪ್ರಿಂಗ್ ಕೆಟ್ಟಿದೆ. ಈ ಎರಡನೆಯ ಸ್ಥಿತಿಯಲ್ಲಿ ಹೊಸ ಮೋಟಾರ್ ಹಾಕಿಸುವುದು ಹಣ ಪೋಲು. ಹಳೆಯದನ್ನು ಸುಟ್ಟ ಭಾರ ಹೊಸದನ್ನೂ ಸುಡುತ್ತದೆ.

ಈ ಭಾಗದ ಕಪ್ಪು ಮಣ್ಣಿನ ಧೂಳು ಗೈಡ್ ಚಾನೆಲಿನ ಶತ್ರು. ಶಟರ್ ಬಿಗಿಯಾಯಿತೆಂದು ಅಲ್ಲಿ ಗ್ರೀಸ್ ತುಂಬುವುದು ರೂಢಿ. ಆದರೆ ಗ್ರೀಸಿಗೆ ಧೂಳು ಅಂಟಿ, ಒಂದೆರಡು ತಿಂಗಳಲ್ಲಿ ಮರಳು ಕಾಗದದಂತಹ ಲೇಪವಾಗಿಬಿಡುತ್ತದೆ. ಚಾನೆಲನ್ನು ಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹಾಕುವುದು ಉತ್ತಮ. ಗ್ರೀಸ್ ಬೇಕಾಗುವುದು ಬೇರಿಂಗಿಗೆ ಮತ್ತು ಸರಪಳಿಗೆ.

ಸ್ಪ್ರಿಂಗಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಳಿದ ಶಟರಿನ ಸ್ಪ್ರಿಂಗಿನಲ್ಲಿ ಹತ್ತಾರು ಕಿಲೋ ಭಾರ ಎತ್ತುವ ಬಲ ಅಡಗಿರುತ್ತದೆ. ಪೈಪಿನ ಬೋಲ್ಟ್ ಬಿಚ್ಚಿದ ಕ್ಷಣ ಅದು ಸಿಡಿಯುವಂತೆ ತಿರುಗಿ ಕೈ ಮುರಿಯಬಲ್ಲದು. ಈ ಕೆಲಸಕ್ಕೆ ನುರಿತ ಮಿಸ್ತ್ರಿಯೇ ಬೇಕು. ಇಲ್ಲಿ ಉಳಿತಾಯದ ಯೋಚನೆ ಸಲ್ಲದು.

ಗುಂಯ್ ಎಂದು ನಿಂತರೆ

ಯಾಂತ್ರಿಕ ಭಾಗ ಸರಿಯಿದ್ದರೆ ಮುಂದಿನ ಹುಡುಕಾಟ ಬೇಗ ಮುಗಿಯುತ್ತದೆ. ಗೋಡೆಯ ಗುಂಡಿ ಒತ್ತಿದರೆ ಕೆಲಸ ಮಾಡಿ, ರಿಮೋಟಿಗೆ ಮಾತ್ರ ಜಗ್ಗದಿದ್ದರೆ ರಿಮೋಟಿನ ಬ್ಯಾಟರಿ ಬದಲಿಸಬೇಕು. ಒಂದು ದಿಕ್ಕಿಗೆ ಮಾತ್ರ ಚಲಿಸಿದರೆ, ಎಲ್ಲಿ ನಿಲ್ಲಬೇಕೆಂದು ಹೇಳುವ ಲಿಮಿಟ್ ಸ್ವಿಚ್ಚಿನ ಮೇಲೆ ಸಂದೇಹ ಪಡಬೇಕು. ನಾಲ್ಕಾರು ಬಾರಿ ಏರಿಸಿ ಇಳಿಸಿದ ಮೇಲೆ ಪೂರ್ಣ ಮೌನವಾದರೆ ಮೋಟಾರ್ ಸತ್ತಿಲ್ಲ. ಒಳಗಿನ ಉಷ್ಣರಕ್ಷಕ ಅದನ್ನು ನಿಲ್ಲಿಸಿರುತ್ತದೆ. ಈ ಮೋಟಾರುಗಳನ್ನು ಕೆಲವೇ ನಿಮಿಷ ಓಡಲೆಂದು ತಯಾರಿಸಿರುತ್ತಾರೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ಶಟರಿನ ಪೆಟ್ಟಿಗೆಯೊಳಗಿನ ಕಾವು ಎಷ್ಟಿದ್ದೀತೆಂಬುದನ್ನು ಬೇರೆ ಹೇಳಬೇಕಿಲ್ಲ. ಅರ್ಧ ಗಂಟೆ ತಣಿಯಲು ಬಿಟ್ಟರೆ ಬಹುತೇಕ ಮತ್ತೆ ಓಡುತ್ತದೆ.

ನಮ್ಮ ಬೀಜದಂಗಡಿಯ ಮೋಟಾರಿನಂತೆ ಗುಂಯ್ ಎಂದು ಕದಲದೆ ನಿಂತರೆ, ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಆಡುಮಾತಿನಲ್ಲಿ ಕಂಡೆನ್ಸರ್ ಎನ್ನುವ, ಸೀಲಿಂಗ್ ಫ್ಯಾನಿನಲ್ಲೂ ಇರುವ ಅದೇ ಬಿಡಿಭಾಗ ಇದು. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಒಂದಾದ ಇದು ಸೋತು ಹೋದದ್ದನ್ನು ಗಮನಿಸದೆ ಮೋಟಾರನ್ನೇ ಬದಲಿಸುವುದೂ ಉಂಟು. ವಿದ್ಯುತ್ ತೆಗೆದ ನಂತರವೂ ಕೆಪಾಸಿಟರಿನಲ್ಲಿ ವಿದ್ಯುದಂಶ ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟುವಂತಿಲ್ಲ.

ಎರಡನೆಯ ಅನುಮಾನ ವೋಲ್ಟೇಜಿನ ಮೇಲೆ. ಇಂಥ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 230 ವೋಲ್ಟಿನ ಬದಲು 180 ವೋಲ್ಟ್ ಬಂದರೆ ವೋಲ್ಟೇಜ್ ಇಳಿದದ್ದು ಶೇ. 22ರಷ್ಟಾದರೂ ಉಳಿಯುವ ಬಲ ಶೇ. 61 ಮಾತ್ರ. ಎತ್ತಲಾಗದ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಅದನ್ನು ಕೊಂದಂತೆಯೇ ಸರಿ. ಸಾಲಿನ ಕೊನೆಯಲ್ಲಿರುವ ಅಂಗಡಿಗಳು ಬೆಳಗಿನ ಹೊತ್ತಿನ ವೋಲ್ಟೇಜನ್ನು ಅಳೆಸಿ, ಕಡಿಮೆಯಿದ್ದರೆ ಜೆಸ್ಕಾಂಗೆ ದೂರು ನೀಡುವುದು ಮೋಟಾರ್ ಬದಲಿಸುವುದಕ್ಕಿಂತ ಮುಂಚಿನ ಕೆಲಸ.

ಗೋದಾಮಿನ ಮೂರು ಫೇಸ್

ತೊಗರಿ ಸಂಗ್ರಹಿಸುವ ಗೋದಾಮುಗಳಂಥ ಕಡೆ ದೊಡ್ಡ ಶಟರುಗಳಿಗೆ ಮೂರು ಫೇಸ್ ಮೋಟಾರ್ ಬಳಸುವುದುಂಟು. ಇಲ್ಲಿ ಗಮನಿಸಬೇಕಾದ ಬೇರೆಯೇ ಅಪಾಯವಿದೆ. ಲೈನ್ ದುರಸ್ತಿಯ ವೇಳೆ ಎರಡು ಫೇಸ್ ತಂತಿಗಳು ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. 'ಮೇಲೆ' ಎಂಬ ಗುಂಡಿ ಒತ್ತಿದರೆ ಶಟರ್ ಕೆಳಗಿಳಿಯುತ್ತದೆ. ಲಿಮಿಟ್ ಸ್ವಿಚ್ ಕೂಡ ಮೋಸ ಹೋಗುತ್ತದೆ. ಇಳಿಯುತ್ತಿರುವ ಶಟರನ್ನು ತಡೆಯಬೇಕಾದ ಸ್ವಿಚ್, ಓಡದೇ ಇರುವ 'ಇಳಿ' ಸರ್ಕ್ಯೂಟನ್ನು ಕಡಿದು ಸುಮ್ಮನಾಗುತ್ತದೆ. ಇನ್ನು ಒಂದು ಫೇಸ್ ಹೋದರಂತೂ ಮೋಟಾರ್ ನಿಂತಲ್ಲೇ ಸುಡುತ್ತದೆ.

ಪಂಪ್‌ಸೆಟ್ ಇರುವ ರೈತರಿಗೆ ಇದು ಹೊಸ ವಿಷಯವಲ್ಲ. ತಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇರುವುದನ್ನು ಅವರು ಬಲ್ಲರು. ಅದೇ ಮಾದರಿಯ, ಫೇಸ್ ಕ್ರಮವನ್ನೂ ಗಮನಿಸುವ ರಿಲೇಯನ್ನು ಶಟರಿಗೂ ಹಾಕಿಸಬೇಕು. ಹಳ್ಳಿಯಲ್ಲಿ ಹೊಸದಾಗಿ ಕೂರಿಸುವವರು, ಶಟರಿನ ತೂಕ ಅನುಮತಿಸಿದರೆ, ಸಿಂಗಲ್ ಫೇಸ್ ಮೋಟಾರನ್ನೇ ಆರಿಸಿಕೊಳ್ಳುವುದು ಕ್ಷೇಮ.

ಕೆಳಗೆ ಮಗುವಿದ್ದರೆ?

ಗ್ಯಾರೇಜ್ ಬಾಗಿಲುಗಳಡಿ ಸಿಲುಕಿ ಮಕ್ಕಳು ಸತ್ತ ಘಟನೆಗಳ ಹಿನ್ನೆಲೆಯಲ್ಲಿ ಅಮೆರಿಕದ ಸಂಸತ್ತು 1990ರಲ್ಲಿ ಕಾನೂನು ಮಾಡಿ, ಅಡ್ಡಿ ತಾಗಿದರೆ ಬಾಗಿಲು ಹಿಂದೆ ಸರಿಯಬೇಕೆಂದು ವಿಧಿಸಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆ ಬೆಳಕಿನ ಕಿರಣದ ಸೆನ್ಸರಿನಂತಹ ಹೆಚ್ಚುವರಿ ರಕ್ಷಣೆಯೂ ಕಡ್ಡಾಯವಾಯಿತು.

ನಮ್ಮ ಸೈಡ್ ಮೋಟಾರ್ ಶಟರ್ ಈ ವಿಷಯದಲ್ಲಿ ಇನ್ನಷ್ಟು ಕುರುಡು. ಅದು ಇಳಿಯುವುದು ತನ್ನದೇ ಭಾರದಿಂದ, ಮೋಟಾರ್ ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ ಅಷ್ಟೇ. ಕೆಳಗೆ ಏನಾದರೂ ಸಿಕ್ಕಿಕೊಂಡರೂ ಮೋಟಾರಿಗೆ ಗೊತ್ತಾಗುವುದಿಲ್ಲ. ಪಟ್ಟಿಗಳು ಬಿಚ್ಚಿಕೊಳ್ಳುತ್ತಲೇ ಹೋಗಿ ಭಾರವೆಲ್ಲ ಸಿಕ್ಕಿಕೊಂಡವರ ಮೇಲೆ ಕೂರುತ್ತದೆ. ಆದ್ದರಿಂದ ನೆಲದಿಂದ ಮೊಣಕಾಲೆತ್ತರದೊಳಗೆ ಎರಡೂ ಬದಿಗೆ ಕೂರಿಸುವ ಫೋಟೋ ಸೆನ್ಸರ್ ಅತ್ಯಗತ್ಯ. ಇದನ್ನು ಸಾಮಾನ್ಯವಾಗಿ ಪ್ರತ್ಯೇಕ ಸಾಮಗ್ರಿಯಾಗಿ ಮಾರುವುದರಿಂದ ಕೊಳ್ಳುವವರೇ ಕೇಳಿ ಪಡೆಯಬೇಕು. ಸರಪಳಿ ಕಡಿದರೆ ಶಟರನ್ನು ಹಿಡಿಯುವ ಬೀಳುತಡೆ ಬ್ರೇಕ್ ಕೂಡ ಹಾಗೆಯೇ. ಇವೆರಡನ್ನು ಬಿಟ್ಟು ದರ ಇಳಿಸುವ ಚೌಕಾಸಿಗೆ ಯಾರೂ ಇಳಿಯಬಾರದು.

ದುರಸ್ತಿಯೋ, ಹೊಸದೋ?

ಕೆಪಾಸಿಟರ್, ಲಿಮಿಟ್ ಸ್ವಿಚ್, ರಿಸೀವರ್ ಬೋರ್ಡ್, ಸರಪಳಿ ಕೆಟ್ಟರೆ ದುರಸ್ತಿಯೇ ಸಾಕು. ವೈಂಡಿಂಗ್ ಸುಟ್ಟಿದ್ದರೂ ಆಸೆ ಬಿಡಬೇಕಿಲ್ಲ. ಪಂಪ್‌ಸೆಟ್ ಮೋಟಾರ್ ಕಟ್ಟುವ ರಿವೈಂಡಿಂಗ್ ಅಂಗಡಿಯಲ್ಲಿ ಇದನ್ನೂ ಕಟ್ಟಿಸಬಹುದು. ಆದರೆ ಸುರುಳಿಯೊಳಗಿದ್ದ ಉಷ್ಣರಕ್ಷಕವನ್ನು ಮರಳಿ ಅಳವಡಿಸಲಾಗಿದೆಯೇ ಎಂದು ಕೇಳಲೇಬೇಕು. ಅದನ್ನು ಬಿಟ್ಟು ಕಟ್ಟಿದ ಮೋಟಾರ್ ಮುಂದಿನ ಬಾರಿ ಎಚ್ಚರಿಕೆಯನ್ನೇ ಕೊಡದೆ ಸುಡುತ್ತದೆ. ಗೇರಿನ ಹಲ್ಲು ಸವೆದು ಅದರ ಬಿಡಿಭಾಗ ಸಿಗದಿದ್ದರೆ, ಇಲ್ಲವೇ ಮೋಟಾರಿನ ಸಾಮರ್ಥ್ಯವೇ ಶಟರಿನ ತೂಕಕ್ಕೆ ಸಾಲದಿದ್ದರೆ ಹೊಸದನ್ನೇ ಹಾಕಿಸಬೇಕು. ಕೆಳಗಿನ ಪಟ್ಟಿಗಳು ತುಕ್ಕಿಗೆ ತೂತು ಬಿದ್ದಿದ್ದರೆ ಆ ಪಟ್ಟಿಗಳನ್ನಷ್ಟೇ ಬದಲಿಸಲು ಸಾಧ್ಯ. ಇಡೀ ಶಟರನ್ನು ಇಳಿಸಬೇಕಾಗುವುದು ಅಪರೂಪ.

ರಿಮೋಟ್ ಕಳೆದರೆ ನಕಲು ಮಾಡಿಸಿ ಸುಮ್ಮನಾಗುವವರಿದ್ದಾರೆ. ಕಳೆದ ರಿಮೋಟ್ ಸಿಕ್ಕವನಿಗೆ ಅದು ಬೀಗದ ಕೈ ಎಂಬುದನ್ನು ಮರೆಯಬಾರದು. ರಿಸೀವರಿನ ನೆನಪನ್ನು ಪೂರ್ತಿ ಅಳಿಸಿ ಉಳಿದ ರಿಮೋಟುಗಳನ್ನು ಹೊಸದಾಗಿ ಜೋಡಿಸಬೇಕು. ಸದಾ ಒಂದೇ ಸಂಕೇತ ಕಳಿಸುವ ಹಳೆಯ ರಿಮೋಟನ್ನು ಪೇಟೆಯಲ್ಲಿ ಸಿಗುವ ಅಗ್ಗದ ಸಾಧನದಿಂದ ನಕಲಿಸಬಹುದು. ಪ್ರತಿ ಬಾರಿ ಸಂಕೇತ ಬದಲಿಸುವ ರೋಲಿಂಗ್ ಕೋಡ್ ರಿಮೋಟ್ ಹಾಗಲ್ಲ.

ಬದಲಿಸಿದ ಭಾಗಕ್ಕೆ ಮಾದರಿ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮನೆಯ ಶಟರಿಗೆ ಸೊಲ್ಲಾಪುರದಲ್ಲಿ ಕೊಂಡ ಮೋಟಾರಿಗಾಗಿ ಆಳಂದದವರು ಸೊಲ್ಲಾಪುರಕ್ಕೆ ಅಲೆಯಬೇಕಿಲ್ಲ. ಕಾಲಮಿತಿ ಎರಡು ವರ್ಷ.

ಇನ್ನು ಬೀಜದಂಗಡಿಯ ಮುಂದೆ ನಿಂತ ಮಾಲೀಕ. ಮೇಲೆ ಹೇಳಿದ ಕೈಸರಪಳಿಯನ್ನೋ ಬಿಡುಗಡೆಯ ಕೇಬಲನ್ನೋ ಎಳೆದರೆ ಅವನ ಶಟರ್ ಏಳಬಹುದು. ಆದರೆ ಅವೆರಡೂ ಸಾಮಾನ್ಯವಾಗಿ ಇರುವುದು ಶಟರಿನ ಒಳಬದಿಗೆ, ಮಾಲೀಕ ನಿಂತಿರುವುದು ಹೊರಗೆ. ಶಟರ್ ಬಿಟ್ಟು ಬೇರೆ ಬಾಗಿಲಿಲ್ಲದ ಮಳಿಗೆಗೆ ಮೋಟಾರ್ ಹಾಕಿಸುವವರು, ಹೊರಗಿನಿಂದ ಕೀಲಿ ಹಾಕಿ ತೆರೆಯಬಹುದಾದ ಬಿಡುಗಡೆಯ ಪೆಟ್ಟಿಗೆಯನ್ನು ಅದೇ ದಿನ ಗೋಡೆಗೆ ಕೂರಿಸಿಕೊಂಡು, ಮಿಸ್ತ್ರಿ ಹೊರಡುವ ಮುನ್ನವೇ ಒಮ್ಮೆ ವಿದ್ಯುತ್ ತೆಗೆಸಿ, ಹೊರಗೆ ನಿಂತು ಶಟರ್ ಎತ್ತಿ ನೋಡಬೇಕು.