ಡಿಶ್‌ವಾಷರ್‌ನಿಂದ ನೀರು ಹೊರಹೋಗದ ದೋಷ

ಪಾತ್ರೆ ತೊಳೆಯುವ ಯಂತ್ರವು ಕೆಲಸ ಮುಗಿಸಿದ ಅನಂತರವೂ ಬಳಸಿದ ನೀರು ಅದರ ತೊಟ್ಟಿಯ ತಳದಲ್ಲಿಯೇ ಉಳಿಯುವ ಸ್ಥಿತಿಯನ್ನು ಡಿಶ್‌ವಾಷರ್‌ನಿಂದ ನೀರು ಹೊರಹೋಗದ ದೋಷ ಎನ್ನಲಾಗುತ್ತದೆ. ಗೃಹಬಳಕೆಯ ಡಿಶ್‌ವಾಷರ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷಗಳಲ್ಲಿ ಇದೂ ಒಂದು. ಇದರಿಂದ ಪಾತ್ರೆಗಳು ಕೊಳೆನೀರಿನಲ್ಲಿಯೇ ಮತ್ತೆ ತೊಳೆಯಲ್ಪಡುತ್ತವೆ ಮತ್ತು ಯಂತ್ರದಲ್ಲಿ ದುರ್ವಾಸನೆ ಉಂಟಾಗುತ್ತದೆ. ನೀರು ನಿಂತೊಡನೆ ಪಂಪು ಕೆಟ್ಟಿದೆ ಎಂದು ಭಾವಿಸಿ ಅದನ್ನು ಬದಲಾಯಿಸಲು ಮುಂದಾಗುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ಪಂಪು ಸುಸ್ಥಿತಿಯಲ್ಲಿದ್ದು, ನೀರು ಸಾಗುವ ದಾರಿಯಲ್ಲಿ ಎಲ್ಲೋ ಒಂದೆಡೆ ತಡೆ ಉಂಟಾಗಿರುತ್ತದೆ. ಆದುದರಿಂದ ಈ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಪರೀಕ್ಷಿಸುವುದೇ ದುರಸ್ತಿಯ ಮೂಲಸೂತ್ರವಾಗಿದೆ.

ಹಿನ್ನೆಲೆ

ಅಮೆರಿಕದ ಜೋಸೆಫೀನ್ ಕಾಕ್ರೇನ್ ಅವರು ನೀರನ್ನು ಒತ್ತಡದಿಂದ ಎರಚಿ ಪಾತ್ರೆ ತೊಳೆಯುವ ಯಂತ್ರಕ್ಕೆ 1886ರಲ್ಲಿ ಪೇಟೆಂಟ್ ಪಡೆದರು. 1893ರ ಷಿಕಾಗೋ ವಿಶ್ವಮೇಳದಲ್ಲಿ ಅವರ ಯಂತ್ರಗಳು ಪ್ರದರ್ಶನಗೊಂಡವು. ಇಂದಿನ ಯಂತ್ರಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಇವುಗಳ ತೊಟ್ಟಿಯ ತಳವು ಸಿಂಕಿನ ಕೊಳವೆಗಿಂತ ಕೆಳಗಿರುವುದರಿಂದ ನೀರು ತಾನಾಗಿ ಹರಿದುಹೋಗಲಾರದು. ಅದನ್ನು ಮೇಲಕ್ಕೆತ್ತಿ ಹೊರದೂಡಲು ಪಂಪು ಬೇಕಾಗುತ್ತದೆ.

ನೀರು ಹೊರಹೋಗುವ ಕ್ರಮ

ತೊಳೆದ ನೀರು ಮೊದಲು ತೊಟ್ಟಿಯ ತಳದ ಗುಂಡಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿರುವ ಫಿಲ್ಟರ್ ಆಹಾರದ ಚೂರುಗಳನ್ನು ತಡೆಹಿಡಿಯುತ್ತದೆ. ಅನಂತರ ಡ್ರೈನ್ ಪಂಪಿನೊಳಗಿನ ಇಂಪೆಲ್ಲರ್ ಎಂಬ ಚಿಕ್ಕ ರೆಕ್ಕೆಚಕ್ರವು ತಿರುಗಿ ನೀರನ್ನು ಡ್ರೈನ್ ಪೈಪಿಗೆ ತಳ್ಳುತ್ತದೆ. ಹೊರಹೋದ ನೀರು ಹಿಂದಕ್ಕೆ ಬರದಂತೆ ಒಂದು ಏಕಮುಖ ಕವಾಟವಿರುತ್ತದೆ. ಪೈಪಿನ ಇನ್ನೊಂದು ತುದಿಯು ಸಿಂಕಿನ ಕೆಳಗಿನ ಕೊಳವೆಗೆ ಅಥವಾ ಗೋಡೆಯ ಚರಂಡಿ ಕೊಳವೆಗೆ ಸೇರುತ್ತದೆ. ಈ ಐದು ಸ್ಥಾನಗಳಲ್ಲಿ ಯಾವುದೊಂದರಲ್ಲಿ ತಡೆಯುಂಟಾದರೂ ಹೊರಗೆ ಕಾಣುವ ಲಕ್ಷಣ ಒಂದೇ: ನಿಂತ ನೀರು.

ದೋಷವಲ್ಲದ ಸಂದರ್ಭಗಳು

ಫಿಲ್ಟರ್‌ನ ಕೆಳಗಿನ ಗುಂಡಿಯಲ್ಲಿ ಒಂದಿಷ್ಟು ಸ್ವಚ್ಛ ನೀರು ಉಳಿಯುವುದು ಸಹಜ. ಅದು ಅಲ್ಲಿನ ರಬ್ಬರ್ ಭಾಗಗಳು ಒಣಗಿ ಬಿರಿಯದಂತೆ ಕಾಪಾಡುತ್ತದೆ. ನೀರು ಫಿಲ್ಟರ್‌ನ ಮೇಲಕ್ಕೆ ಬಂದು ತೊಟ್ಟಿಯ ತಳವನ್ನು ಆವರಿಸಿದ್ದರೆ ಮಾತ್ರ ಅದನ್ನು ದೋಷವೆಂದು ಪರಿಗಣಿಸಬೇಕು. ತೊಳೆಯುವ ನಡುವೆ ವಿದ್ಯುತ್ ಕಡಿತವಾದರೂ ನೀರು ನಿಲ್ಲುತ್ತದೆ. ವಿದ್ಯುತ್ ಮರಳಿದ ಬಳಿಕ ಕಾರ್ಯಕ್ರಮವನ್ನು ಪೂರ್ಣಗೊಳಿಸಿದರೆ ಅಥವಾ ರದ್ದುಗೊಳಿಸಿದರೆ ನೀರು ಹೊರಹೋಗುತ್ತದೆ. ಅನೇಕ ಯಂತ್ರಗಳಲ್ಲಿ ಆರಂಭದ ಗುಂಡಿಯನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯುವುದರಿಂದ ಕಾರ್ಯಕ್ರಮ ರದ್ದಾಗುತ್ತದೆ.

ಕಾರಣಗಳು

* ಫಿಲ್ಟರ್ ಕಟ್ಟಿಕೊಳ್ಳುವುದು: ಅನ್ನದ ಅಗುಳು, ಕರಿಬೇವಿನ ಎಲೆ, ಸಾಸಿವೆ, ತೆಂಗಿನಕಾಯಿಯ ತುರಿ ಮತ್ತು ಜಿಡ್ಡು ಸೇರಿ ಫಿಲ್ಟರ್‌ನ ಮೇಲೆ ಪದರವಾಗುತ್ತವೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವಲ್ಲಿ ಇದರೊಂದಿಗೆ ಸುಣ್ಣದ ಪೊರೆಯೂ ಕಟ್ಟುತ್ತದೆ.
* ಇಂಪೆಲ್ಲರ್ ಸಿಲುಕುವುದು: ಗಾಜಿನ ಚೂರು, ನಿಂಬೆಯ ಬೀಜ, ಹಲ್ಲುಕಡ್ಡಿಯ ತುಂಡು ಮೊದಲಾದವು ಫಿಲ್ಟರ್ ದಾಟಿ ಬಂದರೆ ರೆಕ್ಕೆಚಕ್ರ ತಿರುಗುವುದಿಲ್ಲ.
* ಡ್ರೈನ್ ಪೈಪು ಮಡಚಿಕೊಳ್ಳುವುದು: ಯಂತ್ರವನ್ನು ಗೋಡೆಯತ್ತ ಸರಿಸುವಾಗ ಪೈಪು ಹಿಂಭಾಗದಲ್ಲಿ ಮಡಚಿಕೊಳ್ಳುವುದುಂಟು.
* ಸಿಂಕಿನ ಕೊಳವೆ ಕಟ್ಟಿಕೊಳ್ಳುವುದು: ಈ ಸಂದರ್ಭದಲ್ಲಿ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ.
* ಜೋಡಣೆಯ ತಪ್ಪು: ಅಮೆರಿಕದಲ್ಲಿ ಸಿಂಕಿನ ಕೆಳಗೆ ಆಹಾರತ್ಯಾಜ್ಯ ಅರೆಯುವ ಯಂತ್ರವಿರುವ ಮನೆಗಳಲ್ಲಿ, ಪೈಪು ಜೋಡಿಸುವ ರಂಧ್ರದ ಮುಚ್ಚಳವನ್ನು ತೆಗೆಯಲು ಮರೆತರೆ ಹೊಸ ಡಿಶ್‌ವಾಷರ್ ಮೊದಲ ದಿನವೇ ನೀರು ಹೊರಹಾಕುವುದಿಲ್ಲ.
* ಅತಿಯಾದ ನೊರೆ: ಕೈಯಿಂದ ಪಾತ್ರೆ ತೊಳೆಯುವ ಸೋಪು ಅಥವಾ ದ್ರವವನ್ನು ಬಳಸಿದಾಗ ತೊಟ್ಟಿಯ ತುಂಬ ನೊರೆಯೇಳುತ್ತದೆ. ಪಂಪು ನೀರನ್ನು ತಳ್ಳಬಲ್ಲುದಾದರೂ ನೊರೆಯನ್ನು ಸರಿಯಾಗಿ ತಳ್ಳಲಾರದು.

ಸುರಕ್ಷತೆ

ನೀರು ಮತ್ತು ವಿದ್ಯುತ್ ಒಂದೆಡೆ ಸೇರಿರುವುದರಿಂದ ಈ ಕೆಲಸದಲ್ಲಿ ಎಚ್ಚರಿಕೆ ಅಗತ್ಯ. ಯಂತ್ರದ ಮೇಲಿನ ಗುಂಡಿಯನ್ನು ಆರಿಸಿದರಷ್ಟೇ ಸಾಲದು; ಪ್ಲಗ್ಗನ್ನು ಕಿತ್ತಿಡಬೇಕು. ಪ್ಲಗ್ ಕೈಗೆಟುಕದಿದ್ದರೆ ಆ ಮಾರ್ಗದ ಎಂಸಿಬಿಯನ್ನು ಆರಿಸಬೇಕು. ನಿಂತ ನೀರು ಬಹಳ ಬಿಸಿಯಾಗಿರಬಹುದಾದ್ದರಿಂದ ಅದು ತಣಿಯುವವರೆಗೆ ಕಾಯಬೇಕು. ಡಿಶ್‌ವಾಷರ್ ಪುಡಿಯು ತೀಕ್ಷ್ಣ ಕ್ಷಾರೀಯ ಗುಣವುಳ್ಳದ್ದು. ಗುಂಡಿಯಲ್ಲಿ ಗಾಜಿನ ಚೂರೂ ಇರಬಹುದು. ಆದ್ದರಿಂದ ದಪ್ಪ ಕೈಗವಸು ಧರಿಸುವುದು ಕಡ್ಡಾಯ. ಸಿಂಕಿನ ಕೊಳವೆ ಬಿಡಿಸಲು ಬಳಸುವ ಆಮ್ಲ ಅಥವಾ ಕಾಸ್ಟಿಕ್ ಪುಡಿಯನ್ನು ಯಂತ್ರದೊಳಗೆ ಹಾಕಬಾರದು. ಅದರಿಂದ ಯಂತ್ರದ ಭಾಗಗಳಿಗೆ ಹಾನಿಯಾಗುವುದಲ್ಲದೆ, ಅನಂತರ ಕೈಹಾಕುವವರಿಗೂ ಸುಟ್ಟಗಾಯಗಳಾಗಬಹುದು.

ಪರೀಕ್ಷೆ ಮತ್ತು ದುರಸ್ತಿ

1. ನಿಂತ ನೀರನ್ನು ಲೋಟ ಮತ್ತು ಸ್ಪಂಜಿನಿಂದ ತೆಗೆದುಹಾಕಬೇಕು.
2. ಕೆಳಗಿನ ತಟ್ಟೆಯನ್ನು ಹೊರತೆಗೆದು, ಫಿಲ್ಟರನ್ನು ತಿರುಗಿಸಿ ಬಿಡಿಸಿ, ಹರಿಯುವ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ತೊಳೆಯಬೇಕು. ತಂತಿಯ ಬ್ರಷ್ ಬಳಸಿದರೆ ಜಾಲರಿ ಹರಿಯಬಹುದು.
3. ಗುಂಡಿಯ ಒಳಭಾಗವನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಅನೇಕ ಮಾದರಿಗಳಲ್ಲಿ ಪಂಪಿನ ಮೇಲಿನ ಮುಚ್ಚಳವನ್ನು ಇಲ್ಲಿಂದಲೇ ತೆಗೆಯಬಹುದು. ಸಿಲುಕಿದ ವಸ್ತುವನ್ನು ಚಿಮುಟದಿಂದ ತೆಗೆದು, ರೆಕ್ಕೆಚಕ್ರವು ತಿರುಗುವುದೇ ಎಂದು ಕಡ್ಡಿಯಿಂದ ಪರೀಕ್ಷಿಸಿ, ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸಬೇಕು.
4. ಡ್ರೈನ್ ಪೈಪಿನಲ್ಲಿ ಮಡಿಕೆಯಿದ್ದರೆ ನೇರಗೊಳಿಸಬೇಕು.
5. ಪೈಪನ್ನು ಸಿಂಕಿನ ಕಡೆಯಿಂದ ಬಿಡಿಸಿ, ಅದರ ತುದಿಯನ್ನು ಹೆಚ್ಚು ತಗ್ಗಿಸದೆ ಸಿಂಕಿನೊಳಗಿಟ್ಟ ಬಕೆಟಿನಲ್ಲಿ ಭದ್ರಪಡಿಸಬೇಕು. ಬಳಿಕ ಒದ್ದೆ ಕೈಗಳನ್ನು ಒರೆಸಿಕೊಂಡು ವಿದ್ಯುತ್ ಸಂಪರ್ಕ ನೀಡಿ, ನೀರು ಹೊರಹಾಕುವ ಕಾರ್ಯಕ್ರಮವನ್ನು ನಡೆಸಬೇಕು.

ಕೊನೆಯ ಪರೀಕ್ಷೆಯು ದೋಷದ ಸ್ಥಾನವನ್ನು ಸ್ಪಷ್ಟಪಡಿಸುತ್ತದೆ. ಬಕೆಟಿಗೆ ನೀರು ರಭಸದಿಂದ ಬಂದರೆ ಯಂತ್ರವು ಸರಿಯಾಗಿದ್ದು, ತಡೆ ಇರುವುದು ಸಿಂಕಿನ ಕೊಳವೆಯಲ್ಲಿ. ಪಂಪಿನ ಗುಂಯ್‌ಗುಡುವ ಸದ್ದು ಕೇಳಿಸಿಯೂ ನೀರು ಬಾರದಿದ್ದರೆ ರೆಕ್ಕೆಚಕ್ರ ಅಥವಾ ಪೈಪಿನಲ್ಲಿ ತಡೆಯಿದೆ. ಸದ್ದೇ ಇಲ್ಲದಿದ್ದರೆ ಪಂಪಿನ ಮೋಟಾರ್, ತಂತಿ ಅಥವಾ ನಿಯಂತ್ರಣ ಫಲಕದ ದೋಷವನ್ನು ಶಂಕಿಸಬೇಕು.

ಕೆಲವು ಯಂತ್ರಗಳು ಸಂಕೇತದ ಮೂಲಕ ದೋಷವನ್ನು ಸೂಚಿಸುತ್ತವೆ. ಉದಾಹರಣೆಗೆ, ಬಾಷ್‌ನ ಅನೇಕ ಮಾದರಿಗಳಲ್ಲಿ ‘ಇ24’ ನೀರು ಹೊರಹೋಗದಿರುವುದನ್ನೂ ‘ಇ25’ ಪಂಪು ಸಿಲುಕಿರುವುದನ್ನು ಅಥವಾ ಅದರ ಮುಚ್ಚಳ ಸಡಿಲವಾಗಿರುವುದನ್ನೂ ತಿಳಿಸುತ್ತವೆ. ಎಲ್‌ಜಿ ಯಂತ್ರಗಳಲ್ಲಿ ಇದಕ್ಕೆ ‘ಒಇ’ ಎಂಬ ಸಂಕೇತವಿದೆ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಯಾವಾಗಲೂ ಕಾರಣವನ್ನು ಹೇಳುವುದಿಲ್ಲ.

ಪೈಪಿನ ಎತ್ತರದ ಮಹತ್ವ

ಹೊರಹೋದ ನೀರು ಮತ್ತೆ ಯಂತ್ರಕ್ಕೆ ಮರಳುವುದೂ ಉಂಟು. ಇದನ್ನು ತಡೆಯಲು ಡ್ರೈನ್ ಪೈಪನ್ನು ಮೊದಲು ಮೇಲಕ್ಕೆ ಕೊಂಡೊಯ್ದು, ಕಮಾನಿನಂತೆ ಬಾಗಿಸಿ ಬಿಗಿದು, ಅನಂತರ ಕೆಳಗಿಳಿಸಬೇಕು. ಯಂತ್ರ ನಿಂತಿರುವಾಗ ಸಿಂಕಿನಲ್ಲಿ ನೀರು ಬಿಟ್ಟರೆ ತೊಟ್ಟಿಯಲ್ಲಿ ನೀರು ಏರುವುದಾದರೆ, ಪೈಪಿನ ಎತ್ತರ ಅಥವಾ ಏಕಮುಖ ಕವಾಟ ಸರಿಯಿಲ್ಲವೆಂದು ತಿಳಿಯಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೊಳೆನೀರು ಹಿಂದೆ ಬಾರದಂತೆ ಸಿಂಕಿನ ಬಳಿ ಗಾಳಿಯ ಅಂತರವಿರುವ ಉಪಕರಣವನ್ನು ಅಳವಡಿಸುವುದು ನಿಯಮವಾಗಿದೆ. ಅದು ಕಟ್ಟಿಕೊಂಡರೂ ನೀರು ನಿಲ್ಲುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೆಂಗಳೂರಿನಂಥ ನಗರಗಳ ಮನೆಗಳಲ್ಲಿ ಯಂತ್ರವನ್ನು ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯಲ್ಲಿಟ್ಟು, ಪೈಪನ್ನು ನೆಲದ ಜಾಲಿಗೆ ಬಿಡುವುದುಂಟು. ಪೈಪು ನೆಲಮಟ್ಟದಲ್ಲಿಯೇ ಸಾಗಿದರೆ ತುಂಬುತ್ತಿರುವ ನೀರು ತಾನಾಗಿ ಸೋರಿಹೋಗಬಹುದು. ಪೈಪಿನ ಎತ್ತರವು ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಮಿತಿಯೊಳಗೆ ಇರಬೇಕು.

ತಂತ್ರಜ್ಞರ ನೆರವು

ಪಂಪಿಗೆ ವಿದ್ಯುತ್ ತಲುಪದಿದ್ದಾಗ, ನಿಯಂತ್ರಣ ಫಲಕ ಕೆಟ್ಟಾಗ ಮತ್ತು ತಳದ ಟ್ರೇಯಲ್ಲಿ ನೀರು ಸೋರಿ ಸೇರಿದಾಗ ತಂತ್ರಜ್ಞರನ್ನು ಕರೆಸಬೇಕು. ಅನೇಕ ಯಂತ್ರಗಳಲ್ಲಿ ಟ್ರೇಗೆ ನೀರು ಸೇರಿದೊಡನೆ ಸುರಕ್ಷಾ ಸ್ವಿಚ್ ತೊಳೆಯುವ ಕೆಲಸವನ್ನು ತಡೆಯುತ್ತದೆ. ಆಗ ಪಂಪು ನಿಲ್ಲದೆ ಓಡುತ್ತಿರಬಹುದು. ಈ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸುವುದು ಅಪಾಯಕಾರಿ. ಖಾತರಿ ಅವಧಿಯಲ್ಲಿ ಯಂತ್ರದ ಹೊರಕವಚವನ್ನು ಬಿಚ್ಚಬಾರದು.

ಮುಂಜಾಗ್ರತೆ

ಪಾತ್ರೆಗಳನ್ನು ಯಂತ್ರಕ್ಕೆ ಇಡುವ ಮೊದಲು ಉಳಿದ ಅನ್ನ, ಒಗ್ಗರಣೆಯ ಚೂರು, ರಾಗಿಮುದ್ದೆಯ ಅಂಟು ಮೊದಲಾದವನ್ನು ಕೆರೆದು ತೆಗೆಯಬೇಕು. ಫಿಲ್ಟರನ್ನು ನಿಯತವಾಗಿ, ಜಿಡ್ಡು ಹೆಚ್ಚಿರುವ ಅಡುಗೆ ಮಾಡುವ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ, ತೊಳೆಯುವುದು ಉತ್ತಮ. ಗಡಸು ನೀರಿರುವಲ್ಲಿ ಡಿಶ್‌ವಾಷರ್ ಉಪ್ಪನ್ನು ತಪ್ಪದೆ ತುಂಬಬೇಕು. ಯಂತ್ರದೊಳಗಿನ ನೀರು ಮೆದುಗೊಳಿಸುವ ಘಟಕಕ್ಕೆ ಅದು ಅಗತ್ಯ. ಒಡೆದ ಲೋಟವೊಂದು ಕಂಡುಬಂದರೆ, ಚೂರುಗಳನ್ನೆಲ್ಲ ತೆಗೆದ ಬಳಿಕವೇ ಯಂತ್ರವನ್ನು ಮತ್ತೆ ಚಾಲನೆ ಮಾಡಬೇಕು.