ನಿಮಗಿದು ಗೊತ್ತೇ? ಗ್ರಿಲ್ ಹೊತ್ತಿಸುವ ಮುನ್ನ ಸೋಪಿನ ನೀರು

ದೆಹಲಿಯಲ್ಲಿ ಚಳಿ ಶುರುವಾದರೆ ತಾರಸಿಯಲ್ಲಿ ಪನೀರ್ ಟಿಕ್ಕಾ ಸುಡುವ ಸಂಭ್ರಮ. ಗಾಳಿ ಕೆಟ್ಟಾಗ ‘ಗ್ರ್ಯಾಪ್’ ನಿಯಮ ಹೋಟೆಲ್ ತಂದೂರಿಗೆ ಇದ್ದಿಲು, ಸೌದೆ ಹಾಕಬಾರದೆನ್ನುತ್ತದೆ. ಮನೆಯಲ್ಲೂ ಗ್ಯಾಸ್ ಗ್ರಿಲ್ ಇಟ್ಟುಕೊಂಡವರಿದ್ದೀರಿ. ಆರ್.ಕೆ. ಪುರಂ, ನೋಯ್ಡಾ, ಗುರುಗ್ರಾಮ, ಎಲ್ಲೇ ಇರಿ, ಇಷ್ಟು ತಿಳಿದಿರಲಿ.

ಫ್ಲ್ಯಾಟ್‌ಗಳ ಗೋಡೆ ಹತ್ತುವ ಹಳದಿ ಕೊಳವೆಯಲ್ಲಿರುವುದು ಪಿಎನ್‌ಜಿ. ಅದನ್ನು ದೆಹಲಿಗೆ ಪೂರೈಸುವ ಇಂದ್ರಪ್ರಸ್ಥ ಗ್ಯಾಸ್ ಸಂಸ್ಥೆ ಹುಟ್ಟಿದ್ದು 1998ರಲ್ಲಿ. ಈ ಅನಿಲ ಗಾಳಿಗಿಂತ ಹಗುರ, ಸೋರಿದರೆ ಸೂರಿನತ್ತ ಏರುತ್ತದೆ. ಸಿಲಿಂಡರಿನ ಎಲ್‌ಪಿಜಿ ಭಾರ, ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ.

ಪಿಎನ್‌ಜಿ ಒಲೆಗೆ ಬರುವ ಒತ್ತಡ ಸುಮಾರು 21 ಮಿಲಿಬಾರ್. ಎಲ್‌ಪಿಜಿ ರೆಗ್ಯುಲೇಟರಿನದು 30. ಒಂದಕ್ಕೆ ಕೂಡಿಸಿದ ಗ್ರಿಲ್ಲನ್ನು ಜೆಟ್ ಬದಲಿಸದೆ ಇನ್ನೊಂದಕ್ಕೆ ಜೋಡಿಸಬಾರದು. ಕೊಳವೆಯ ಕೆಲಸ ಕಂಪನಿಯ ತಂತ್ರಜ್ಞರದೇ.

ತಿರುಪಿನ ಸುತ್ತನ್ನು ದೆಹಲಿಯ ಪ್ಲಂಬರ್ ‘ಚೂಡಿ’ ಎನ್ನುತ್ತಾನೆ. ಬಳೆಗೂ ಅದೇ ಹೆಸರು! ಟೆಫ್ಲಾನ್ ಟೇಪ್ ಬೇಕಾಗುವುದು ಚೂಡಿಯೇ ಅನಿಲವನ್ನು ತಡೆಯುವ, ತುದಿಗೆ ಕಿರಿದಾಗುವ ಜೋಡಣೆಗೆ ಮಾತ್ರ. ರಬ್ಬರ್ ವಾಷರ್ ಇರುವಲ್ಲಿ, ಹರವಿದ ತುದಿಯ ಫ್ಲೇರ್ ಜೋಡಣೆಯಲ್ಲಿ ಟೇಪ್ ಸುತ್ತಿದರೆ ಲೋಹ ಸರಿಯಾಗಿ ಕೂರದೆ ಸೋರಿಕೆಗೆ ದಾರಿಯಾದೀತು. ಸುತ್ತುವಾಗ ತುದಿಯ ಕಡೆಯಿಂದ ನೋಡಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ಮೊದಲ ಚೂಡಿ ಬರಿದಾಗಿರಲಿ. ಹರಿದ ಚೂರು ಜೆಟ್ಟಿಗೆ ಹೋದರೆ ಅಡ್ಡಿಯಾಗುತ್ತದೆ. ನೀರಿನ ನಲ್ಲಿಯ ತೆಳು ಬಿಳಿ ಟೇಪ್ ಬೇಡ, ಅನಿಲದ್ದು ದಪ್ಪ, ಹಳದಿ.

ಈ ಟೆಫ್ಲಾನ್ 1938ರಲ್ಲಿ ಕೈಗೆ ಸಿಕ್ಕಿದ್ದು ಆಕಸ್ಮಿಕವಾಗಿ. ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಹುಡುಕುತ್ತಿದ್ದದ್ದು ಫ್ರಿಜ್‌ಗೆ ಬೇಕಾದ ಅನಿಲ!

ಈಗ ಮುಖ್ಯ ಪರೀಕ್ಷೆ. ಗ್ರಿಲ್ಲಿನ ಗುಬ್ಬಿಗಳನ್ನೆಲ್ಲ ಮುಚ್ಚಿ, ಅನಿಲ ತೆರೆಯಿರಿ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ಬ್ರಷ್‌ನಿಂದ ಹಚ್ಚಿ: ರೆಗ್ಯುಲೇಟರ್ ಸಿಲಿಂಡರಿಗೆ ಕೂಡುವಲ್ಲಿ, ಪೈಪಿನ ಎರಡೂ ತುದಿಗೆ, ಗುಬ್ಬಿಗಳ ಬುಡಕ್ಕೆ. ಒಂದು ನಿಮಿಷ ತಾಳಿ. ಸೋರಿಕೆ ದೊಡ್ಡದಾದರೆ ಗುಳ್ಳೆ ಏಳುತ್ತದೆ. ಸಣ್ಣದಾದರೆ ದೊಡ್ಡ ಗುಳ್ಳೆ ಏಳುವುದಿಲ್ಲ, ಬಿಳಿ ನೊರೆ ಮೆಲ್ಲಗೆ ಕೂಡಿಕೊಳ್ಳುತ್ತದೆ. ಇದನ್ನು ಕಾಣದೆ ಒರೆಸಿಬಿಟ್ಟವರು ಬಹಳ. ಕಂಡರೆ ಅನಿಲ ಮುಚ್ಚಿ, ಜೋಡಣೆ ಬಿಗಿಮಾಡಿ, ಮತ್ತೆ ಹಚ್ಚಿ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಹುಚ್ಚು ಮಾತ್ರ ಬೇಡವೇ ಬೇಡ, ಜೀವ ಹೋದೀತು.

ಈ ಪರೀಕ್ಷೆಗೆ ಅಮೋನಿಯಾ ಇರುವ ದ್ರವವನ್ನು ಹಿತ್ತಾಳೆಯ ಭಾಗಗಳಿಗೆ ಹಚ್ಚಬೇಡಿ. 19ನೇ ಶತಮಾನದಲ್ಲಿ ಭಾರತದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಅವನ್ನು ಇಟ್ಟಿದ್ದ ಕುದುರೆ ಲಾಯಗಳ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು.

ಮೂಗನ್ನು ನಂಬಬಹುದೇ? ಅರೆಬರೆ. ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಮರ್ಕ್ಯಾಪ್ಟನ್ ಬೆರೆಸುತ್ತಾರೆ. 1937ರ ಮಾರ್ಚ್ 18ರಂದು ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸ್ಫೋಟಿಸಿ ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆಮೇಲೆ ವಾಸನೆ ಬೆರೆಸುವುದು ಕಡ್ಡಾಯವಾಯಿತು. ಆದರೆ ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಂಡು ವಾಸನೆ ತಿಳಿಯದಾಗುತ್ತದೆ. ನೆಗಡಿಯಾದಾಗಲಂತೂ ಕೇಳಬೇಡಿ.

ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಕುದಿಯುವುದು ಸೊನ್ನೆಗೆ ಅರ್ಧ ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ. ಜನವರಿಯ ದೆಹಲಿ ರಾತ್ರಿ ಸಿಲಿಂಡರಿನ ಒತ್ತಡ ಕುಗ್ಗಿ ಜ್ವಾಲೆ ಸೊರಗುವುದು ಇದರಿಂದಲೇ. ಬಿಸಿನೀರು ಸುರಿಯಬೇಡಿ, ಬಟ್ಟೆ ಸುತ್ತಬೇಡಿ.

ಉಕ್ಕಿನ ಹೆಣಿಗೆಯ ‘ಸುರಕ್ಷಾ’ ಪೈಪನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರ್ ಮೇಲಿನ ‘ಬಿ-27’ ಎಂದರೆ ಮರುಪರೀಕ್ಷೆಯ ಗಡುವು 2027ರ ಏಪ್ರಿಲ್-ಜೂನ್.

ಎಲ್‌ಪಿಜಿ ವಾಸನೆ ಬಂತೆಂದರೆ ಸ್ವಿಚ್ ಮುಟ್ಟಬೇಡಿ, ಆರಿಸಲಿಕ್ಕೂ ಕೂಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಿ.