ಬೆನ್ನುನೋವಿನ ಯಂತ್ರಕ್ಕೊಂದು ಲೆಕ್ಕಪುಸ್ತಕ



ನಾನು ಡಾಕ್ಟರಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆದರೆ ಎಡಿಸನ್ನಿನಿಂದ ಮ್ಯಾನ್‌ಹಟನ್ನಿಗೆ ರೈಲಿನಲ್ಲಿ ಓಡಾಡಿ, ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ನಮ್ಮವರು ಟ್ಯಾಕ್ಸ್ ಕಾಗದಗಳ ಜೊತೆ ಆಸ್ಪತ್ರೆ ಬಿಲ್ಲುಗಳನ್ನೂ ನನ್ನ ಮೇಜಿನ ಮೇಲಿಡುತ್ತಾರೆ. ‘ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್’ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಅಲ್ಲೇ.

ಬೆನ್ನುಹುರಿಯ ಹೊರಪೊರೆಯ ಆಚೆ ತೆಳುವಾದ ತಂತಿಗಳನ್ನಿಟ್ಟು, ಸೊಂಟದ ಬಳಿ ಚರ್ಮದಡಿ ಬ್ಯಾಟರಿ ಕೂರಿಸುತ್ತಾರೆ. ಅದು ಕಳಿಸುವ ಸಣ್ಣ ವಿದ್ಯುತ್ ಮಿಡಿತಗಳು ಮಿದುಳಿಗೆ ಹೋಗುವ ನೋವಿನ ಸುದ್ದಿಯನ್ನು ತಗ್ಗಿಸಬೇಕು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ನೋವಿಗೆ ಬೆನ್ನುಹುರಿಯಲ್ಲೊಂದು ಬಾಗಿಲಿದೆ ಎಂದರು. 1967ರಲ್ಲಿ ನಾರ್ಮನ್ ಶೀಲಿ ಮೊದಲ ಯಂತ್ರ ಅಳವಡಿಸಿದರು. ಸವೆದ ಡಿಸ್ಕನ್ನು ಇದು ರಿಪೇರಿ ಮಾಡುವುದಿಲ್ಲ. ಔಷಧ, ವ್ಯಾಯಾಮ, ಆಪರೇಷನ್ ಆದಮೇಲೂ ನೋವು ಬಿಡದವರಿಗೆ ಇದು ಕೊನೆಯ ದಾರಿಗಳಲ್ಲೊಂದು.

ಖಾಯಂ ಅಳವಡಿಕೆಗೆ ಮುಂಚೆ ಪ್ರಯೋಗವಿರುತ್ತದೆ. ತಂತಿಗಳನ್ನಷ್ಟೇ ಒಳಗಿಟ್ಟು, ಬ್ಯಾಟರಿಯನ್ನು ಹೊರಗೆ ಕಟ್ಟಿ, ಸಾಮಾನ್ಯವಾಗಿ ಒಂದು ವಾರ ಮನೆಗೆ ಕಳಿಸುತ್ತಾರೆ. ನೋವು ಅರ್ಧಕ್ಕಿಳಿದರೆ ಪಾಸು. ಆದರೆ ‘ಅರ್ಧ’ ಯಾವುದರ ಅರ್ಧ? ಆರಂಭದ ಶಿಲ್ಕೇ ಇಲ್ಲದೆ ಖಾತೆ ಬರೆಯುವುದು ಹೇಗೆ? ಪ್ರಯೋಗದ ಹಿಂದಿನ ವಾರವೇ ಒಂದು ನೋಟ್‌ಬುಕ್ ಹಿಡಿಯಿರಿ. ಎಷ್ಟು ನಿಮಿಷ ನಿಂತಿರಿ, ಎಷ್ಟು ದೂರ ನಡೆದಿರಿ, ರಾತ್ರಿ ಎಷ್ಟು ಸಲ ಎದ್ದಿರಿ, ಎಷ್ಟು ಮಾತ್ರೆ ನುಂಗಿದಿರಿ. ಪ್ರಯೋಗದ ವಾರವೂ ಅದನ್ನೇ ಬರೆಯಿರಿ.

ಇಷ್ಟು ಒತ್ತಿ ಹೇಳಲು ಕಾರಣ, ಆಸೆಯೇ ನೋವನ್ನು ಸ್ವಲ್ಪ ತಗ್ಗಿಸುತ್ತದೆ. ನಾರ್ವೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ನಂತರವೂ ನೋವಿದ್ದ 50 ಜನರ ಯಂತ್ರಗಳನ್ನು ಅವರಿಗೆ ತಿಳಿಯದಂತೆ ಕೆಲ ತಿಂಗಳು ಚಾಲೂ, ಕೆಲ ತಿಂಗಳು ಬಂದ್ ಇಟ್ಟರು. ನೋವಿನಿಂದಾಗುವ ದಿನನಿತ್ಯದ ಅಡಚಣೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದು ಪರೀಕ್ಷಿಸಿದ್ದು ಒಂದು ಬಗೆಯ ಮಿಡಿತವನ್ನು ಮಾತ್ರ, ನಿಜ. ಬೇರೆ ಅಧ್ಯಯನಗಳು ಉಪಯೋಗವಿದೆ ಎನ್ನುತ್ತವೆ. ಒಳ್ಳೆಯದಾಯಿತು ಎನ್ನುವ ರೋಗಿಗಳೂ ಇದ್ದಾರೆ.

ಇನ್ನು ನನ್ನ ಕಸುಬಿಗೆ ಹತ್ತಿರದ ಕತೆ. ಸ್ಟಿಮ್‌ವೇವ್ ಕಂಪನಿ ಬೆನ್ನುಹುರಿಯಾಚೆಯ ನರಗಳ ನೋವಿಗೆ ಇಂಥದ್ದೇ ಯಂತ್ರವನ್ನು ಸುಮಾರು 16,000 ಡಾಲರಿಗೆ ಮಾರುತ್ತಿತ್ತು. ಒಳಗಿಡಬೇಕಾದ ರಿಸೀವರ್ ಕೆಲವರಿಗೆ ಹಿಡಿಸದಷ್ಟು ಉದ್ದ. ಕತ್ತರಿಸಿದರೆ ಕೆಲಸ ಮಾಡದು. ಅದನ್ನು ಕೈಬಿಟ್ಟರೆ ಇನ್ಶೂರೆನ್ಸಿನವರಿಗೆ ಒಂದು ಬಿಲ್ಲು ಕಮ್ಮಿ! ಆಗ ಕಂಪನಿ ಬರೀ ಪ್ಲಾಸ್ಟಿಕ್ಕಿನ ತುಂಡೊಂದನ್ನು ರಿಸೀವರ್ ಎಂದು ಕೊಟ್ಟಿತು. ಅದನ್ನು ರೋಗಿಗಳ ಮೈಯೊಳಗೆ ಇಡಲಾಯಿತು. 2024ರಲ್ಲಿ ನಮ್ಮ ಮ್ಯಾನ್‌ಹಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ಕಂಪನಿಯ ಸ್ಥಾಪಕಿ ಲಾರಾ ಪೆರಿಮನ್ ತಪ್ಪಿತಸ್ಥೆ ಎಂದು ತೀರ್ಪಾಗಿ, ಆರು ವರ್ಷ ಜೈಲು ಶಿಕ್ಷೆಯಾಯಿತು. ಆದ್ದರಿಂದ ಐಟಂ ಐಟಂ ಬಿಡಿಸಿದ ಬಿಲ್ಲು ಕೇಳಿ. ಒಂದೊಂದು ಭಾಗದ ಕೆಲಸವೇನು ಎಂದು ಡಾಕ್ಟರನ್ನೇ ಕೇಳಿ. ಸಂಕೋಚ ಬೇಡ.

ದುಡ್ಡಿನ ಇನ್ನೊಂದು ಮಾತು. ಡಿಸೆಂಬರಿನಲ್ಲಿ ಪ್ರಯೋಗ, ಜನವರಿಯಲ್ಲಿ ಅಳವಡಿಕೆ ಎಂದಾದರೆ ಬಹುತೇಕ ಇನ್ಶೂರೆನ್ಸ್‌ಗಳಲ್ಲಿ ಡಿಡಕ್ಟಿಬಲ್ ಎರಡು ಸಲ ಕಟ್ಟಬೇಕು. ಎಚ್-1ಬಿ ಮೇಲಿರುವವರಿಗೆ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಯಂತ್ರ ಮಾತ್ರ ಮೈಯಲ್ಲೇ ಇರುತ್ತದೆ. ಚಾರ್ಜ್ ಆಗದ ಬ್ಯಾಟರಿಯನ್ನು ಕೆಲವೇ ವರ್ಷಗಳಲ್ಲಿ ಮತ್ತೆ ಆಪರೇಷನ್ ಮಾಡಿ ಬದಲಿಸಬೇಕು. ಊರಿಗೆ ಮರಳುವ ಯೋಚನೆಯಿದ್ದರೆ, ಬೆಂಗಳೂರಿನಲ್ಲಿ ಅದೇ ಯಂತ್ರವನ್ನು ಸರಿಹೊಂದಿಸುವವರು ಯಾರು, ಬ್ಯಾಟರಿ ಖರ್ಚು ಯಾರದು ಎಂಬುದನ್ನು ಅಳವಡಿಕೆಗೆ ಸಹಿ ಹಾಕುವ ಮುಂಚೆಯೇ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ನೆವಾರ್ಕಿನಲ್ಲಿ ವಿಮಾನ ಹತ್ತುವಾಗ ಯಂತ್ರದ ಗುರುತಿನ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ.